ಆರು ಸದ್ದುಗಳ ಸರದಿ

ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಅತ್ತೆ ಮನೆಗೆ ಬಂದವರಿಗೆಲ್ಲ ಹೇಳುತ್ತಾರೆ. ಹೇಳಲಿ, ಸುಳ್ಳೇನಲ್ಲ. ಆದರೆ ಆ ಸೋಮವಾರ ಮಾತ್ರ ನಾನು ಯಾರ ಮೇಲೂ ರೇಗಲಿಲ್ಲ. ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿದರೂ "ಹೋಗ್ಲಿ ಬಿಡಿ ಅತ್ತೆ" ಎಂದೆ. ಅತ್ತೆ ಗಾಬರಿಯಾಗಿ ನನ್ನ ಹಣೆ ಮುಟ್ಟಿ ನೋಡಿದರು. ಜ್ವರ ಗಿರ ಏನೂ ಇರಲಿಲ್ಲ. ನನ್ನ ಮಗಳು ನೂರಕ್ಕೆ ತೊಂಬತ್ತೆರಡು ತೆಗೆದಿದ್ದಳು, ಅಷ್ಟೇ.

ಮಗಳಿಗೆ ಆರು ವರ್ಷ. ಮನೆಯಲ್ಲಿ ಎಲ್ಲರೂ ಕರೆಯುವುದು ಮೊಂಡಿ ಎಂದು. ಹುಟ್ಟುವಾಗಲೇ ಅವಳಿಗೆ ಎರಡೂ ಕಿವಿ ಕೇಳುತ್ತಿರಲಿಲ್ಲ. ಎರಡೂವರೆ ವರ್ಷಕ್ಕೆ ಆಪರೇಷನ್ ಮಾಡಿ ಬಲಗಿವಿಯ ಒಳಗೆ ಕೂದಲೆಳೆಯಂಥ ಒಂದು ತಂತಿ ಕೂರಿಸಿದರು. ಹೊರಗೆ ಕಿವಿಗೆ ಸಿಕ್ಕಿಸುವ ಮಷೀನು, ಅದರಿಂದ ಹೊರಟ ಗೇಣುದ್ದದ ವೈರು, ವೈರಿನ ತುದಿಯಲ್ಲಿ ಅಯಸ್ಕಾಂತದಿಂದ ತಲೆಗೆ ಅಂಟುವ ಒಂದು ಬಿಲ್ಲೆ. ಬಿಲ್ಲೆ ಅಂಟಿದ್ದರೆ ಕೇಳುತ್ತದೆ, ಕಳಚಿದರೆ ಏನೂ ಇಲ್ಲ.

ತೊಂಬತ್ತೆರಡು ಬಂದದ್ದು ಬಾಯಿ ಮುಚ್ಚಿ ಮಾಡುವ ಪರೀಕ್ಷೆಯಲ್ಲಿ. ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ ಮಾಡುವವರಿಗೆ ನಾವಿಟ್ಟ ಹೆಸರು ಕಿವಿ ಮೇಡಂ. ಅವರು ದುಂಡನೆಯ ಚೌಕಟ್ಟಿಗೆ ಕಪ್ಪು ಬಟ್ಟೆ ಹೊಲಿದದ್ದನ್ನು ಬಾಯಿಗೆ ಅಡ್ಡ ಹಿಡಿದು ಇಪ್ಪತ್ತೈದು ಪದ ಹೇಳುತ್ತಾರೆ. ಮಗು ತುಟಿ ನೋಡದೆ, ಬರೀ ಕಿವಿಯಿಂದ ಕೇಳಿ, ಒಂದೊಂದನ್ನೂ ತಿರುಗಿ ಹೇಳಬೇಕು. ನಮ್ಮ ಬೀದಿಯ ಕೊನೆಗಿರುವ ಶಾಲೆಯ ಹೆಡ್ ಮೇಡಂ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು, "ಎಂಬತ್ತಾದ್ರೂ ಬಂದಿರೋ ಕಾಗದ ತನ್ನಿ, ಒಂದನೇ ಕ್ಲಾಸಿಗೆ ಕೂರಿಸ್ಕೋತೀನಿ. ನಲವತ್ತು ಮಕ್ಕಳ ಗಲಾಟೆ ಇರುತ್ತೆ. ಕೇಳಿಸದೇ ಇರೋ ಮಗೂನ ತಂದು ಕೂರಿಸಿದ್ರೆ ನಾನೂ ಒದ್ದಾಡ್ಬೇಕು, ಅದೂ ಒದ್ದಾಡ್ಬೇಕು." ಉಳಿದದ್ದು ಒಂದೇ ಸೀಟು. ಶನಿವಾರ ಕೊನೆಯ ದಿನ.

ಕಾಗದ ಕೈಗೆ ಬಂದದ್ದೇ ತಡ, ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆಸ್ಪತ್ರೆಯ ಮೆಟ್ಟಿಲ ಮೇಲೇ ನಿಂತು ಇವರಿಗೆ ಫೋನ್ ಮಾಡಿದೆ. ಇವರು ಲಿಫ್ಟ್ ರಿಪೇರಿ ಮಾಡುವವರು. ಯಾವುದೋ ಕಟ್ಟಡದ ಆರನೇ ಮಹಡಿಯಲ್ಲಿ ಲಿಫ್ಟಿನ ತಲೆಯ ಮೇಲೆ ಕೂತಿದ್ದರಂತೆ. ಅಲ್ಲಿಂದಲೇ "ಭಲೇ ಮೊಂಡಿ!" ಎಂದು ಕೂಗಿದರು. ಆ ಕೂಗು ಲಿಫ್ಟಿನ ಬಾವಿಯಲ್ಲಿ ಕೆಳತನಕ ಹೋಗಿದ್ದು ನನಗೆ ಫೋನಿನಲ್ಲೇ ಕೇಳಿಸಿತು.

ಈಗ ನಿಜ ಹೇಳಿಬಿಡುತ್ತೇನೆ. ಆ ಇಪ್ಪತ್ತೈದು ಪದಗಳ ಪಟ್ಟಿ ನನ್ನ ಹತ್ತಿರ ಇತ್ತು. ಎರಡು ತಿಂಗಳ ಹಿಂದೆ ಆಸ್ಪತ್ರೆಯ ಬೆಂಚಿನ ಮೇಲೆ ಪಕ್ಕದಲ್ಲಿ ಕೂತಿದ್ದ ಒಬ್ಬ ತಾಯಿ ತನ್ನ ಫೋನಿನಲ್ಲಿ ಫೋಟೋ ತೋರಿಸಿ, "ಬೇಕಾದ್ರೆ ಬರ್ಕೊಳ್ಳಿ. ಯಾವಾಗ್ಲೂ ಇದನ್ನೇ ಕೇಳೋದು" ಎಂದಿದ್ದಳು. ನಾನು ಔಷಧಿ ಚೀಟಿಯ ಹಿಂದೆ ಬರೆದುಕೊಂಡೆ. ಮರ, ಸೂಜಿ, ಕಾಗೆ, ಮೀನು, ಬೀಗ, ಹೀಗೆ ಹೋಗಿ ಕೊನೆಗೆ ದೀಪ. ಆಮೇಲೆ ಬಟ್ಟೆ ಮಡಚುವಾಗ, ಪಾತ್ರೆ ಒರೆಸುವಾಗ, ಬಸ್ಸಿಗೆ ಕಾಯುವಾಗ, ಎಲ್ಲೆಂದರಲ್ಲಿ ಅದೇ ಪಾಠ. ನಾನು "ಮರ" ಎಂದರೆ ಅವಳು "ಮರ", ನಾನು "ಸೂಜಿ" ಎಂದರೆ ಅವಳು "ಸೂಜಿ". ಎರಡು ವಾರಕ್ಕೆಲ್ಲ ನಿದ್ದೆಗಣ್ಣಲ್ಲಿ ಎಬ್ಬಿಸಿದರೂ ಹೇಳುವಂತಾದಳು. ತಪ್ಪೇನು ಇದರಲ್ಲಿ? ಪರೀಕ್ಷೆ ಎಂದ ಮೇಲೆ ಯಾರು ಓದಿಸುವುದಿಲ್ಲ? ನನಗೆ ಹಾಗೇ ಅನ್ನಿಸಿತ್ತು.

ಇನ್ನೊಂದು ವಿಷಯವನ್ನೂ ಇಲ್ಲೇ ಹೇಳಬೇಕು. ಮಷೀನು ಸರಿಯಿದೆಯೋ ಇಲ್ಲವೋ ನೋಡಲು ದಿನಾ ಬೆಳಿಗ್ಗೆ ಮಗುವಿನ ಬೆನ್ನ ಹಿಂದೆ ನಿಂತು ಆರು ಸದ್ದು ಮಾಡಬೇಕು: ಆ, ಊ, ಈ, ಶ್, ಸ್, ಮ್. ಮಾತಿನಲ್ಲಿರುವ ದಪ್ಪ ದನಿ, ಸಣ್ಣ ದನಿ ಎಲ್ಲ ಈ ಆರರಲ್ಲಿ ಬಂದುಹೋಗುತ್ತದೆಯಂತೆ. ಮಗು ಆರನ್ನೂ ತಿರುಗಿ ಹೇಳಿದರೆ ಮಷೀನು ಸರಿ. ಆಸ್ಪತ್ರೆಯಲ್ಲಿ ಕೊಟ್ಟ ಚೀಟಿಯನ್ನು ಬೀರುವಿನ ಬಾಗಿಲಿಗೆ ಅಂಟಿಸಿದ್ದೆ. ಮೂರೂವರೆ ವರ್ಷ ಒಂದು ದಿನ ತಪ್ಪಿಸಿದವಳಲ್ಲ ನಾನು. ಕೂದಲು ಬಾಚುತ್ತಾ ಆ, ಊ, ಈ. ಜಡೆ ಹೆಣೆಯುತ್ತಾ ಶ್, ಸ್. ರಬ್ಬರ್ ಬ್ಯಾಂಡ್ ಹಾಕುತ್ತಾ ಮ್. ಇಪ್ಪತ್ತು ಸೆಕೆಂಡಿನ ಕೆಲಸ. ಸರಸರ ಹೇಳಿ ಮುಗಿಸಿ ಇಬ್ಬರೂ ಓಡುತ್ತಿದ್ದೆವು.

ಮಂಗಳವಾರ ಸಂಜೆ ಬಚ್ಚಲಲ್ಲಿ ಒಂದು ಪ್ರಸಂಗ ನಡೆಯಿತು. ಬಕೆಟ್ಟಿಗೆ ಬಿಸಿನೀರು ಬಿಟ್ಟು ತಣ್ಣೀರು ತರಲು ತಿರುಗಿದ್ದೆ. ಮೊಂಡಿ ಕೈ ತೊಳೆಯಲು ಬಂದು ನನಗೆ ಬೆನ್ನು ಹಾಕಿ ನಿಂತಳು. "ನೀರು ಬಿಸಿ ಇದೆ, ಮುಟ್ಬೇಡ" ಎಂದೆ. "ಹೂಂ" ಎಂದಳು. ಹೂಂ ಎಂದವಳೇ ಎರಡೂ ಕೈ ಅದ್ದಿದಳು! ಕಿರುಚಿಕೊಂಡಳು. ಕೈ ಕೆಂಪಗಾಯಿತು, ಪುಣ್ಯಕ್ಕೆ ಬೊಬ್ಬೆ ಏಳಲಿಲ್ಲ. ನನಗೆ ಎಲ್ಲಿತ್ತೋ ಕೋಪ, "ಕಿವಿ ಕೇಳಲ್ವಾ ನಿಂಗೆ?" ಎಂದು ಉರಿದುಬಿದ್ದೆ.

ಆ ಮಾತು ಬಾಯಿಂದ ಬಿದ್ದದ್ದೇ, ಮನೆ ತಣ್ಣಗಾಯಿತು. ಬೇರೆ ಮನೆಗಳಲ್ಲಿ ದಿನಕ್ಕೆ ಹತ್ತು ಸಲ ಮಕ್ಕಳನ್ನು ಬೈಯುವ ಮಾತು ಅದು. ನಮ್ಮ ಮನೆಯಲ್ಲಿ ಯಾರೂ ಆಡುವುದಿಲ್ಲ. ಇವರು ಹೊರಗಿನಿಂದ ಇಣುಕಿ ನನ್ನ ಮುಖ ನೋಡಿ ಹೋದರು. ಅತ್ತೆ ಮಗುವಿನ ಕೈಗೆ ತಣ್ಣೀರು ಬಟ್ಟೆ ಸುತ್ತುತ್ತಾ, "ಹೆಸರೇ ಮೊಂಡಿ ಅಂತ ಇಟ್ಟಿದೀರ. ಇನ್ನೇನು ಮಾತು ಕೇಳ್ತಾಳೆ" ಎಂದರು. ಹೌದು, ಮೊಂಡುತನವೇ ಇರಬೇಕು, ತೊಂಬತ್ತೆರಡು ತೆಗೆದ ಹುಡುಗಿಗೆ ಕೇಳಿಸದೆ ಏನು ಎಂದು ನಾನೂ ಅಂದುಕೊಂಡೆ. ಆದರೆ ಊಟಕ್ಕೆ ಕೂತರೂ ಎದ್ದೆದ್ದು ಓಡಾಡಿದೆ.

ನಾನು ಕೆಲಸ ಮಾಡುವುದು ಒಂದು ಕನ್ನಡಕದ ಅಂಗಡಿಯಲ್ಲಿ. ಗಾಜನ್ನು ಫ್ರೇಮಿಗೆ ಕೂರಿಸುವುದು, ಸಾಸಿವೆ ಕಾಳಿನಷ್ಟು ಸ್ಕ್ರೂಗಳನ್ನು ಬಿಗಿಯುವುದು, ಡಾಕ್ಟರು ಬರುವ ಮೊದಲು ಬಂದವರನ್ನು ಕುರ್ಚಿಯಲ್ಲಿ ಕೂರಿಸಿ ಎದುರು ಗೋಡೆಯ ಅಕ್ಷರಗಳನ್ನು ಓದಿಸುವುದು. ಮೇಲೆ ಅಂಗೈ ಅಗಲದ ಒಂದು 'ರ', ಕೆಳಗೆ ಬರುತ್ತಾ ಬರುತ್ತಾ ಇರುವೆಯಷ್ಟಾಗುವ ಅಕ್ಷರಗಳು. ಆ ಬೋರ್ಡು ಒಂದು ಡಬ್ಬಿಯೊಳಗಿದೆ. ಸ್ವಿಚ್ ಹಾಕಿದರೆ ಹಿಂದಿನಿಂದ ಬೆಳಕು ಬಂದು ಅಕ್ಷರ ಕಾಣುತ್ತದೆ.

ಬುಧವಾರ ಮಧ್ಯಾಹ್ನ ಒಬ್ಬ ಲಾರಿ ಡ್ರೈವರು ಬಂದ. ಐವತ್ತು ದಾಟಿದ ಮನುಷ್ಯ, ಹೊಟ್ಟೆ ಮುಂದೆ, ತಾನು ಹಿಂದೆ. ಲೈಸೆನ್ಸಿಗೆ ಕಣ್ಣಿನ ಕಾಗದ ಬೇಕಿತ್ತು. ಕೂರಿಸಿ, ಒಂದು ಕಣ್ಣಿಗೆ ಮರೆ ಹಿಡಿದು, "ಕೊನೇ ಸಾಲು ಓದಿ ಅಣ್ಣಾ" ಎಂದೆ. "ಗ, ಟ, ನ, ವ, ಪ, ಸ!" ಒಂದೇ ಉಸಿರಿಗೆ ಹೇಳಿ ಎದೆ ಉಬ್ಬಿಸಿ ಕೂತ.

"ಅಣ್ಣಾ, ನಾನಿನ್ನೂ ಲೈಟೇ ಹಾಕಿಲ್ಲ" ಎಂದೆ.

ಯಜಮಾನರು ಗಲ್ಲಾದ ಹಿಂದೆ ಕೂತಲ್ಲೇ ಬಿದ್ದು ಬಿದ್ದು ನಕ್ಕರು. ಡ್ರೈವರೂ ನಾಲಿಗೆ ಕಚ್ಚಿಕೊಂಡು ನಕ್ಕ. "ಏನ್ಮಾಡೋದು ತಂಗಿ, ಹದಿನೈದು ವರ್ಷದಿಂದ ಇದೇ ಬೋರ್ಡು ಓದ್ತಿದೀನಿ. ಕಣ್ಣು ಮುಚ್ಕೊಂಡೂ ಹೇಳ್ತೀನಿ ಈಗ."

"ಕಣ್ಣು ಮುಚ್ಕೊಂಡು ಹೇಳೋದಾದ್ರೆ ಕಣ್ಣು ಹೆಂಗಿದೆ ಅಂತ ನಂಗೆ ಹೆಂಗೆ ಗೊತ್ತಾಗ್ಬೇಕು? ರಸ್ತೆ ಏನು ನಿಮಗೆ ಬಾಯಿಪಾಠ ಆಗಿರುತ್ತಾ?" ಎಂದು ಜೋರಾಗಿ ಗದರಿದೆ.

ಗದರಿದ ಮಾತು ಇನ್ನೂ ಬಾಯಲ್ಲಿತ್ತು. ಬಚ್ಚಲಲ್ಲಿ ಮೊಂಡಿ ಅಂದ ಹೂಂ ನೆನಪಾಯಿತು. ಕೈಯಲ್ಲಿದ್ದ ಮರೆ ಹಿಡಿಯುವ ಕಡ್ಡಿ ಕೆಳಗೆ ಬಿತ್ತು, ಎತ್ತಿಕೊಳ್ಳಲೂ ಇಲ್ಲ. ಯಜಮಾನರು "ಏನಾಯ್ತಮ್ಮ?" ಎಂದರು. "ಮನೆಗೆ ಹೋಗ್ಬೇಕು ಸಾರ್" ಎಂದೆ. "ಯಾರಿಗೆ ಏನಾಯ್ತು?" ಎಂದು ಕೇಳಿದರು. ನನಗೆ ಇನ್ನೂ ಗೊತ್ತಿರಲಿಲ್ಲ, ಏನು ಹೇಳಲಿ? ಚೀಲ ಎತ್ತಿಕೊಂಡು ಹೊರಟೆ. ಬಸ್ಸಿಗೆ ಕಾಯುವ ತಾಳ್ಮೆಯಿಲ್ಲದೆ ಎರಡು ಸ್ಟಾಪು ನಡೆದೇ ಹೋದೆ.

ಮೊಂಡಿ ನೆಲದ ಮೇಲೆ ಕೂತು ಬಣ್ಣ ಹಚ್ಚುತ್ತಿದ್ದಳು. ಮಷೀನಿನ ಹಸಿರು ದೀಪ ಉರಿಯುತ್ತಿತ್ತು. ಚಪ್ಪಲಿಯನ್ನೂ ಬಿಚ್ಚದೆ ಅವಳ ಬೆನ್ನ ಹಿಂದೆ ಹೋಗಿ ಭುಜ ತಟ್ಟಿ, "ಆಟ ಆಡೋಣ" ಎಂದೆ. ಭುಜ ತಟ್ಟಿದರೆ ಯಾವ ಆಟ ಎಂದು ಅವಳಿಗೆ ಗೊತ್ತು, ಒಂದೊಂದು ಸದ್ದಿಗೂ ಒಂದೊಂದು ತಟ್ಟು. ನೆಟ್ಟಗೆ ಕೂತಳು.

"ಮ್" ಎಂದೆ.

"ಆ" ಎಂದಳು.

"ಸ್" ಎಂದೆ.

"ಊ" ಎಂದಳು.

"ಆ" ಎಂದೆ.

"ಈ!" ಎಂದು ಇನ್ನೂ ಜೋರಾಗಿ ಹೇಳಿ, ತಿರುಗಿ ನೋಡಿ ಹಲ್ಲು ಬಿಟ್ಟು ನಕ್ಕಳು. ಎಂದಿನಂತೆ ಶಾಭಾಸ್ ಎನ್ನುತ್ತೇನೆಂದು ಕಾದಳು.

ಅವಳನ್ನು ಎದುರಿಗೆ ಕೂರಿಸಿಕೊಂಡು, ನಾನು ಹೇಳಿದ್ದು ಮ್, ಸ್, ಆ ಎಂದು ಬಾಯಿ ತೋರಿಸಿ, ಬೀರುವಿಗೆ ಅಂಟಿಸಿದ್ದ ಚೀಟಿ ಕಿತ್ತುಹಾಕಿ, ಕೈಸನ್ನೆ ಮಾಡಿ ತಿಳಿಸಿ ಹೇಳಿದೆ: ಈಗ ಸರದಿಯಿಲ್ಲ, ಕೇಳಿಸಿದ್ದನ್ನು ಮಾತ್ರ ಹೇಳು, ಕೇಳಿಸದಿದ್ದರೆ ಸುಮ್ಮನಿರು. ಅರ್ಥ ಮಾಡಿಸಲು ಅರ್ಧ ಗಂಟೆ ಹಿಡಿಯಿತು. ಸುಮ್ಮನಿರುವುದು ಅವಳಿಗೆ ಬರುತ್ತಲೇ ಇರಲಿಲ್ಲ. ಏನಾದರೊಂದು ಹೇಳಲೇಬೇಕು ಎಂದು ಕಲಿಸಿದವಳು ನಾನೇ. ಕೊನೆಗೆ ಗೊತ್ತಾದದ್ದು ಇಷ್ಟು. ಆ, ಊ, ಮ್ ಕೇಳುತ್ತದೆ. ಈ ಎಂದರೆ ಅವಳಿಗೆ ಊ ಎಂದೇ ಕೇಳುತ್ತದೆ. ಶ್, ಸ್ ಎಷ್ಟು ಸಲ ಹೇಳಿದರೂ ಇಲ್ಲ. ಮೀನು ಎಂದರೆ ಮೂಗು ಮುಟ್ಟಿ ತೋರಿಸಿದಳು. ಸೂಜಿ ಎಂದರೆ ಪಿಳಿಪಿಳಿ ನೋಡಿದಳು. ಸೆಲ್ಲು ಬದಲಾಯಿಸಿದೆ, ಹೊಸ ವೈರು ಹಾಕಿದೆ, ಏನೂ ಬದಲಾಗಲಿಲ್ಲ. ತೊಂದರೆ ಹೊರಗಿರಲಿಲ್ಲ, ತಲೆಯ ಒಳಗಿನ ತಂತಿಯಲ್ಲಿತ್ತು.

ಯಾವಾಗಿನಿಂದ? ಅದೇ ನನ್ನನ್ನು ಕೊಂದಿದ್ದು. ನಿನ್ನೆಯಿಂದಲೋ, ತಿಂಗಳಿಂದಲೋ? ಮನೆಯಲ್ಲಿ ನಮ್ಮ ಮಾತೂ ದಿನಾ ಒಂದೇ ಸರದಿ. ಏಳು, ಹಲ್ಲುಜ್ಜು, ಹಾಲು ಕುಡಿ, ಚಪ್ಪಲಿ ಹಾಕ್ಕೋ. ಕೇಳಿಸದಿದ್ದರೂ ನಡೆಯುತ್ತದೆ. ಎದುರಿಗಿದ್ದರೆ ತುಟಿ ನೋಡುತ್ತಾಳೆ, ಹಿಂದಿದ್ದರೆ ಹೂಂ ಎನ್ನುತ್ತಾಳೆ. ಆ ಹೂಂ ಕೇಳಿ ನಾನು ಎಷ್ಟು ಸಲ ನೆಮ್ಮದಿಯಾಗಿದ್ದೆನೋ, ನೆನೆದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸಿತು.

ಇವರು ಬಂದ ಮೇಲೆ ಎಲ್ಲ ಹೇಳಿದೆ. ಪಟ್ಟಿಯ ವಿಷಯವನ್ನೂ ಹೇಳಿದೆ. ಅದು ಇವರಿಗೆ ಅದುವರೆಗೆ ಗೊತ್ತಿರಲಿಲ್ಲ. ತಲೆ ಹಿಡಿದುಕೊಂಡು ಕೂತರು. ಬೈಯುತ್ತಾರೆ ಎಂದುಕೊಂಡಿದ್ದೆ, ಬೈಯಲಿಲ್ಲ. ಬೈದಿದ್ದರೆ ನಾನೂ ಎರಡು ಅಂದು ಹಗುರಾಗುತ್ತಿದ್ದೆ.

"ನಾಳೇನೇ ಹೋಗಿ ಕಿವಿ ಮೇಡಂಗೆ ಹೇಳ್ತೀನಿ" ಎಂದೆ.

"ಹೇಳಿದ್ರೆ ಇನ್ನೊಂದ್ಸಲ ಪರೀಕ್ಷೆ ಮಾಡ್ತಾರೆ. ಈ ಕಾಗದ ವಾಪಸ್ ಇಸ್ಕೋತಾರೆ. ಸೀಟು ಹೋಯ್ತು ಅಂತಾನೇ ಲೆಕ್ಕ." ಗೋಡೆಯ ಕ್ಯಾಲೆಂಡರ್ ನೋಡಿ, "ಇವತ್ತು ಬುಧವಾರ. ಶನಿವಾರ ಸೀಟು ಹಾಕಿಸ್ಬಿಡೋಣ, ಸೋಮವಾರ ಬೆಳಿಗ್ಗೆನೇ ಆಸ್ಪತ್ರೆಗೆ ಕರ್ಕೊಂಡ್ ಹೋಗೋಣ. ನಡುವೆ ನಾಲ್ಕು ದಿನ. ಇಷ್ಟು ದಿನ ಹೆಂಗೋ ಇದ್ಲು, ನಾಲ್ಕು ದಿನ ಇರಲ್ವಾ?" ಎಂದರು.

"ಅವನು ಹೇಳೋದು ಸರಿ ಕಣೆ" ಎಂದರು ಅತ್ತೆ. "ಮೊದ್ಲು ಒಳಗೆ ಕಾಲಿಡ್ಲಿ. ಒಂದ್ಸಲ ಸೇರಿಸ್ಕೊಂಡ ಮೇಲೆ ಯಾರೂ ಆಚೆ ದಬ್ಬಲ್ಲ."

ಒಪ್ಪಿಕೊಂಡೆ. ಸುಳ್ಳು ಯಾಕೆ ಹೇಳಲಿ, ಯಾರಾದರೂ ಹೀಗೆ ಹೇಳಲಿ ಎಂದೇ ಕಾದಿದ್ದೆ. ನಾಲ್ಕೇ ದಿನ ತಾನೇ ಎಂದು ಮನಸ್ಸಿಗೆ ಹೇಳಿಕೊಂಡೆ. ಮನಸ್ಸು ಕೇಳಲಿಲ್ಲ. ಮಡಚಿಟ್ಟ ಬಟ್ಟೆಯನ್ನೇ ಮತ್ತೆ ಬಿಚ್ಚಿ ಮಡಚಿದೆ, ಇಲ್ಲದ ಕಸ ಗುಡಿಸಿದೆ. "ಕಾಲಿಗೆ ಚಕ್ರ ಕಟ್ಕೊಂಡಿದೀಯಾ? ಒಂದ್ಕಡೆ ಕೂತ್ಕೋ ಮಾರಾಯ್ತಿ" ಎಂದು ಅತ್ತೆ ಗೊಣಗಿದರು.

ಗುರುವಾರ ಬೆಳಿಗ್ಗೆ ತಿಂಡಿ ಮಾಡುತ್ತಿದ್ದೆ. ಬಚ್ಚಲ ಕಡೆಯಿಂದ ಮೊಂಡಿಯ ದನಿ ಕೇಳಿಸಿತು. ಹಲ್ಲುಜ್ಜುವ ಬ್ರಷ್ಷು ಕೈಯಲ್ಲಿ ಹಿಡಿದು ಕನ್ನಡಿಯ ಮುಂದೆ ನಿಂತಿದ್ದಳು. "ಮ್, ಸ್, ಆ..." ಎಂದು ಹೇಳಿ ನಿಲ್ಲಿಸಿದಳು. ಬೆರಳು ಮಡಚಿ ಎಣಿಸಿ, ಮತ್ತೆ ಮೊದಲಿನಿಂದ, "ಮ್, ಸ್, ಆ" ಎಂದಳು. ಹಿಂದಿನ ದಿನ ನಾನು ಸರದಿ ತಪ್ಪಿಸಿ ಹೇಳಿದ್ದೆನಲ್ಲ, ಆ ಮೂರನ್ನೇ, ಅದೇ ಕ್ರಮದಲ್ಲಿ. ಅವಳಿಗೆ ಕೇಳಿಸದ 'ಸ್' ಅನ್ನು ಹಲ್ಲಿನ ಮೇಲೆ ನಾಲಿಗೆಯಿಟ್ಟು, ಕನ್ನಡಿಯಲ್ಲಿ ನೋಡಿ ನೋಡಿ ಸರಿಮಾಡಿಕೊಳ್ಳುತ್ತಿದ್ದಳು.

ನನ್ನನ್ನು ಕಂಡು ನಾಚಿಕೊಂಡಳು. "ಅಮ್ಮಾ, ಹೊಸ ಪಾಠ ಬಂತು. ಇವತ್ತು ತಪ್ಪಲ್ಲ" ಎಂದಳು.

ದೇವರೇ! ಕೇಳುವುದು ಎಂದರೆ ಇದೇ ಎಂದುಕೊಂಡಿದೆ ಮಗು. ಎಲ್ಲರೂ ಹೀಗೇ ಬಾಯಿಪಾಠ ಮಾಡಿಕೊಂಡು ಬಂದು ಒಬ್ಬರಿಗೊಬ್ಬರು ಹೇಳುತ್ತಾರೆ ಎಂದುಕೊಂಡಿದೆ. ತಾನು ಸರಿಯಾಗಿ ಕಲಿತಿಲ್ಲ, ಅದಕ್ಕೇ ಅಮ್ಮನಿಗೆ ಬೇಜಾರು ಎಂದುಕೊಂಡು ಮೂರು ಸದ್ದು ಹಿಡಿದು ಒದ್ದಾಡುತ್ತಿದೆ. ನಾಲ್ಕು ದಿನವಲ್ಲ, ಇನ್ನು ನಾಲ್ಕು ಗಂಟೆಯೂ ನನ್ನಿಂದ ಆಗುತ್ತಿರಲಿಲ್ಲ. ಒಲೆ ಆರಿಸಿದೆ. "ಎಲ್ಲಿಗೆ?" ಎಂದರು ಇವರು. "ಆಸ್ಪತ್ರೆಗೆ. ತಡೆದ್ರೆ ನೋಡಿ ಮತ್ತೆ" ಎಂದೆ. ತಡೆಯಲಿಲ್ಲ, ಬಿಲ್ಲೆಯ ಡಬ್ಬಿಯನ್ನು ನನ್ನ ಚೀಲಕ್ಕೆ ಹಾಕಿ ಬಸ್ ಸ್ಟಾಪಿನ ತನಕ ಮಗುವನ್ನು ಎತ್ತಿಕೊಂಡು ಬಂದರು.

ಕಿವಿ ಮೇಡಂ ಇನ್ನೂ ಬ್ಯಾಗು ಕೆಳಗಿಟ್ಟಿರಲಿಲ್ಲ. ತೊಂಬತ್ತೆರಡರ ಕಾಗದವನ್ನು ಮೇಜಿನ ಮೇಲಿಟ್ಟು, "ಮೇಡಂ, ಇದು ಸುಳ್ಳು" ಎಂದೆ. ನಿಂತುಕೊಂಡೇ ಎಲ್ಲ ಹೇಳಿದೆ, ಔಷಧಿ ಚೀಟಿಯ ಹಿಂದೆ ಬರೆದ ಪಟ್ಟಿಯನ್ನೂ ತೆಗೆದಿಟ್ಟೆ.

ಅವರ ಮುಖ ಕೆಂಪಗಾಯಿತು. "ಏನ್ರೀ ಇದು? ಪರೀಕ್ಷೆ ನನಗಲ್ಲ, ನಿಮ್ಮ ಮಗೂಗಲ್ಲ, ಮಷೀನಿಗೆ! ಮಷೀನಿಗೆ ಯಾರಾದ್ರೂ ಕಾಪಿ ಹೊಡೆಸ್ತಾರೇನ್ರೀ? ಸೋಮವಾರ ಒಳಗಿನ ತಂತಿ ಚೆಕ್ ಮಾಡ್ಬೇಕು ಅಂತ ಬರ್ಕೊಂಡಿದ್ದೆ. ನಿಮ್ಮ ತೊಂಬತ್ತೆರಡು ನೋಡಿ, ಇನ್ನೇನು ಬೇಡ ಅಂತ ಬಿಟ್ಟೆ."

ತಪ್ಪು ನನ್ನದೇ. ಆದರೂ ನನ್ನ ಬಾಯಿ ಸುಮ್ಮನಿರಬೇಕಲ್ಲ! "ನೀವ್ಯಾಕೆ ಪ್ರತಿ ಸಲಾನೂ ಅದೇ ಪಟ್ಟಿ ಓದ್ತೀರಿ? ಬೆಂಚಿನ ಮೇಲೆ ಕೂತಿರೋ ಎಲ್ಲರ ಫೋನಲ್ಲೂ ಇದೆ ಅದು" ಎಂದೆ.

ಮೇಡಂ ಕುರ್ಚಿ ಎಳೆದುಕೊಂಡು ಕೂತರು. "ದಿನಕ್ಕೆ ಹದಿನಾಲ್ಕು ಮಕ್ಕಳನ್ನ ನೋಡ್ತೀನಿ. ಕೈಗೆ ಸಿಕ್ಕಿದ್ದು ಓದ್ತೀನಿ" ಎಂದರು. ದನಿ ಇಳಿದಿತ್ತು. ಅಲ್ಲಿಗೆ ನಮ್ಮ ಜಗಳ ಮುಗಿಯಿತು.

ಬೀರುವಿನಿಂದ ಬೇರೆ ಪಟ್ಟಿ ತೆಗೆದರು. ನನ್ನನ್ನು ಹೊರಗೆ ಕಳಿಸಿದರು. ನಾನಿದ್ದರೆ ಮಗು ನನ್ನ ಮುಖ ನೋಡುತ್ತದೆ ಎಂದರು. ಗಾಜಿನ ಕಿಂಡಿಯಲ್ಲಿ ನೋಡುತ್ತಾ ನಿಂತೆ. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಮೇಡಂ ಬಟ್ಟೆ ಅಡ್ಡ ಹಿಡಿದು "ಹಗ್ಗ" ಎಂದರು. ಮೊಂಡಿ "ಮರ" ಎಂದಳು. "ಚಾಕು" ಎಂದರು. "ಸೂಜಿ" ಎಂದಳು. "ಕಿಟಕಿ" ಎಂದರು. "ಕಾಗೆ" ಎಂದಳು, ಜಂಬದಿಂದ. ಏಳನೆಯ ಪದದ ತನಕ ಹಾಗೇ ಹೋಯಿತು. ಮೇಡಂ ಬಟ್ಟೆ ಕೆಳಗಿಟ್ಟು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಾನು ಹೊರಗೆ ಗೋಡೆಗೆ ಹಣೆ ಒತ್ತಿ ನಿಂತೆ.

ಮಗುವಿಗೆ ತಿಳಿಸಿ ಹೇಳಿ ಮತ್ತೆ ಮಾಡಿದಾಗ ಬಂದದ್ದು ಮೂವತ್ತಾರು. ಆಮೇಲೆ ಮಷೀನಿಗೆ ಕಂಪ್ಯೂಟರಿನ ವೈರು ಸಿಕ್ಕಿಸಿ ಒಳಗಿನ ತಂತಿಯನ್ನು ನೋಡಿದರು. ತಂತಿಯ ಮೇಲೆ ಸಾಲಾಗಿ ಇಪ್ಪತ್ತೆರಡು ಚುಕ್ಕೆಗಳಿರುತ್ತವಂತೆ. ಒಂದು ತುದಿಯವು ದಪ್ಪ ದನಿಗೆ, ಇನ್ನೊಂದು ತುದಿಯವು ಸಣ್ಣ ದನಿಗೆ. ಸಣ್ಣ ದನಿಯ ಕಡೆಯ ಏಳು ಸತ್ತಿದ್ದವು. "ಐದು ತಿಂಗಳ ಹಿಂದೆ ನೋಡಿದಾಗ ಎಲ್ಲ ಸರಿ ಇತ್ತು. ಅದಾದ ಮೇಲೆ ಯಾವಾಗ ಹೋಯ್ತೋ ಹೇಳೋಕಾಗಲ್ಲ" ಎಂದರು.

ಆ ಏಳನ್ನು ಆಫ್ ಮಾಡಿ, ಅವುಗಳ ಕೆಲಸವನ್ನು ಉಳಿದ ಹದಿನೈದಕ್ಕೆ ಹಂಚಿದರು. ಎರಡು ಗಂಟೆ ಹಿಡಿಯಿತು. ಕೊನೆಗೆ ನನ್ನನ್ನು ಒಳಗೆ ಕರೆದು, ಅವಳ ಬೆನ್ನ ಹಿಂದೆ ನಿಲ್ಲಿಸಿ, "ಸ್ ಅನ್ನಿ" ಎಂದರು. ಎರಡು ಸಲ ತುಟಿ ಸವರಿಕೊಂಡು "ಸ್" ಎಂದೆ. ಮೊಂಡಿ ಬೆಚ್ಚಿ ತಿರುಗಿದಳು. "ಅಮ್ಮನ ಬಾಯಲ್ಲಿ ಗಾಳಿ!" ಎಂದಳು. ನಾನು ಅತ್ತುಬಿಟ್ಟೆ, ಮೇಡಂ ಇದ್ದಾರೆ ಎಂದೂ ನೋಡಲಿಲ್ಲ.

"ಇಷ್ಟಕ್ಕೇ ಖುಷಿಪಡ್ಬೇಡಿ" ಎಂದರು ಅವರು. "ಈಗ ಸದ್ದು ಕೇಳುತ್ತೆ. ಯಾವ ಸದ್ದು ಯಾವುದು ಅಂತ ಮೊದಲಿನಿಂದ ಕಲೀಬೇಕು. ತಿಂಗಳುಗಟ್ಟಲೆ ಹಿಡಿಯುತ್ತೆ. ಇನ್ನೂ ಚುಕ್ಕೆಗಳು ಹೋದ್ರೆ ಮತ್ತೆ ಆಪರೇಷನ್ ಮಾತು ಬರುತ್ತೆ. ಮತ್ತೆ ಕೇಳಿ, ನೀವು ಅವಳಿಗೆ ಒಂದು ವಿಷಯ ಹೇಳ್ಕೊಟ್ಟೇ ಇಲ್ಲ. ಕೇಳಿಸದೇ ಇದ್ದಾಗ ಕೇಳಿಸ್ಲಿಲ್ಲ ಅನ್ನೋದು. ಅದನ್ನ ಮೊದ್ಲು ಕಲಿಸಿ." ಹಳೆಯ ಕಾಗದದ ಮೇಲೆ ಅಡ್ಡಗೆರೆ ಎಳೆದು, ಮೂವತ್ತಾರರ ಕಾಗದ ಬರೆದು ಕೊಟ್ಟರು.

ಶುಕ್ರವಾರ ಪೂರ್ತಿ ಅದೇ ಕೆಲಸ. ಅಂಗಡಿಗೆ ರಜೆ ಹಾಕಿದೆ. ಬೆನ್ನ ಹಿಂದೆ ನಿಂತು ಏನೇನೋ ಗೊಣಗಿದೆ, ಕೆಲವು ಸಲ ಬೇಕೆಂದೇ ತೀರಾ ಮೆಲ್ಲಗೆ. ಅವಳು "ಹೂಂ" ಎನ್ನುತ್ತಿದ್ದಳು. "ಹೂಂ ಅಲ್ಲ, ಕೇಳಿಸ್ಲಿಲ್ಲ ಅನ್ನು" ಎನ್ನುತ್ತಿದ್ದೆ. ಸಂಜೆಯ ಹೊತ್ತಿಗೆ ಇಬ್ಬರಿಗೂ ತಲೆ ಕೆಟ್ಟಿತು. ಹೂಂ ಬಿಡಲಿಲ್ಲ ಅವಳು. ಸಿಟ್ಟಿಗೆದ್ದು ಬಿಲ್ಲೆ ಕಿತ್ತು ಹಾಸಿಗೆಯ ಮೇಲೆ ಎಸೆದಳು. ಮೊಂಡಿ ಅಲ್ಲವೇ.

ಶನಿವಾರ ಹತ್ತು ಗಂಟೆಗೆ ನಾನೂ ಮೊಂಡಿಯೂ ಶಾಲೆಗೆ ಹೋದೆವು. ಓಣಿಯಂಥ ವರಾಂಡ. ಎರಡೂ ಕಡೆ ಬೆಂಚು, ಬೆಂಚಿನ ತುಂಬ ಅಪ್ಪ ಅಮ್ಮಂದಿರು, ಅವರ ಮಕ್ಕಳ ಗಲಾಟೆ. ಹೆಡ್ ಮೇಡಂ ಕಾಗದವನ್ನು ಎರಡು ಸಲ ಓದಿದರು. ಏನೇನಾಯಿತು ಎಂದು ನಾನು ಹೇಳುವಾಗ ಒಮ್ಮೆಯೂ ಅಡ್ಡ ಮಾತಾಡಲಿಲ್ಲ. ಅವರು ಕೊಂಕು ಮಾತಾಡಿದರೆ ಜಗಳವಾಡಲೇಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಅವರು ಕೊಂಕಾಡಲಿಲ್ಲ.

"ಈ ವರ್ಷ ಆಗಲ್ಲಮ್ಮ. ಮುಂದಿನ ವರ್ಷ ಕರ್ಕೊಂಡ್ ಬನ್ನಿ, ನೋಡೋಣ" ಎಂದರು. ಮಾತು ಮೆತ್ತಗಿತ್ತು. ಮೊಂಡಿಯ ಕೆನ್ನೆ ಸವರಿ, ನಗುತ್ತಾ ಏನೋ ಹೇಳಿ ಮುಂದಿನವರನ್ನು ಕರೆದರು.

ವರಾಂಡಕ್ಕೆ ಬಂದೆ. ಬಾಗಿಲು ದಾಟಿ ಬೀದಿಗೆ ಬಂದುಬಿಟ್ಟರೆ ಸಾಕಾಗಿತ್ತು. ಮೊಂಡಿ ನಡೆಯುತ್ತಿದ್ದವಳು ನಿಂತಳು. ನನ್ನ ಕೈ ಹಿಡಿದು ಜಗ್ಗಿದಳು.

"ಅಮ್ಮಾ, ನಂಗೆ ಕೇಳಿಸ್ಲಿಲ್ಲ. ಅವರು ಏನಂದ್ರು?"

ಹುಟ್ಟಿದ ಮೇಲೆ ಮೊದಲನೆಯ ಸಲ ಕೇಳಿಸಲಿಲ್ಲ ಎನ್ನುತ್ತಿದ್ದಾಳೆ, ಅದೂ ಈ ಮಾತಿಗೆ. ಏನಿಲ್ಲ, ಜಾಣೆ ಅಂದ್ರು ಎಂದುಬಿಡಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಬಗ್ಗಿ ಅವಳ ಎತ್ತರಕ್ಕೆ ಕೂತೆ.

"ಈ ವರ್ಷ ಬೇಡ ಅಂದ್ರು."

"ಯಾಕೆ? ನಾನು ತಪ್ಪು ಹೇಳಿದ್ನಾ?"

"ಇಲ್ಲ ಪುಟ್ಟಾ. ನೀನು ಸರಿಯಾಗೇ ಇದ್ದೆ. ನಾನೇ ತಪ್ಪು ಹೇಳ್ಕೊಟ್ಟೆ. ನಿಂಗೆ ಕೇಳಿಸ್ತಿರಲಿಲ್ಲ, ನಂಗೆ ಗೊತ್ತಾಗ್ಲಿಲ್ಲ."

ಯಾವುದೋ ಮಗು ಕಿರುಚುತ್ತಾ ನಮ್ಮ ನಡುವೆ ಓಡಿಹೋಯಿತು. ಬೆಂಚುಗಳ ಕಡೆ ಯಾರೋ ಜೋರಾಗಿ ನಕ್ಕರು. ಮೊಂಡಿ ಹುಬ್ಬು ಗಂಟಿಕ್ಕಿ ನನ್ನ ಬಾಯಿಯನ್ನೇ ನೋಡಿದಳು. ಆಮೇಲೆ ಮುಖವನ್ನು ಪಕ್ಕಕ್ಕೆ ತಿರುಗಿಸಿ, ಮಷೀನಿರುವ ಕಿವಿಯನ್ನು ನನ್ನ ಬಾಯಿಗೆ ಹತ್ತಿರ ತಂದಳು.

"ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೇಳು."

ಎರಡೂ ಬೆಂಚಿನವರು ನಮ್ಮನ್ನೇ ನೋಡುತ್ತಿದ್ದರು. ನಾನು ಇನ್ನೊಂದು ಸಲ ಹೇಳಿದೆ, ಜೋರಾಗಿ, ಎಲ್ಲರಿಗೂ ಕೇಳುವ ಹಾಗೆ.